ಪೆಟ್ಟಿಗೆಯಲ್ಲಿ ಇಲ್ಲದ ಚೀಟಿ

ತೊಗರ್ಸಿಯ ಅಕ್ಕಿ ಮಿಲ್ಲಿನ ಎಂಜಿನ್ ಜಾಮ್ ಆಗಿದೆ ಎಂಬ ಸುದ್ದಿ ಬಂದಾಗ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಮಿಲ್ಲಿನ ಸಾವ್ಕಾರರು ಕಳಿಸಿದ್ದ ಆಳು ಬಾಗಿಲಲ್ಲೇ ನಿಂತು, "ಮೇಸ್ತ್ರೀ, ನೀವ್ ರಿಪೇರಿ ಮಾಡಿದ್ ಎಂಜಿನ್ ನಿಂತೈತ್ರಿ. ಈಗಿಂದೀಗ್ಲೇ ಕರ್ಕೊಂಡ್ ಬಾ ಅಂದಾರ್ರಿ ಸಾವ್ಕಾರ್ರು" ಎಂದು ಹೋಟೆಲಿಗೆಲ್ಲ ಕೇಳುವಂತೆ ಕೂಗಿದ. 'ನೀವು ರಿಪೇರಿ ಮಾಡಿದ್ದು' ಎಂಬ ಮಾತಿಗೆ ಆಗಲೇ ನನ್ನ ಕಿವಿ ಬಿಸಿಯಾಯಿತು. ನಾನು ಮುಟ್ಟಿದ ಎಂಜಿನ್ ಒಂದು ತಿಂಗಳಿಗೆ ನಿಲ್ಲುವುದೆಂದರೇನು?

ನಯಾಪೈಸೆ ಬಂದು ಒಂದೆರಡು ವರ್ಷವಾಗಿದ್ದ ಕಾಲ ಅದು. ದಾವಣಗೆರೆಯಲ್ಲಿ ಎಣ್ಣೆ ಎಂಜಿನ್ ಕಂಪನಿಯೊಂದರ ಏಜೆನ್ಸಿ ಇತ್ತು. ಅದರ ಫಿಟ್ಟರ್ ಆಗಿ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದಿತ್ತು. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಮಿಲ್ಲಿಂದ ಮಿಲ್ಲಿಗೆ ತಿರುಗುವುದು ನನ್ನ ಕೆಲಸ. ಆ ವರ್ಷ ದೀಪಾವಳಿ ಮುಗಿದ ಕೂಡಲೇ, ಸುಗ್ಗಿ ಶುರುವಾಗುವ ಮೊದಲು, ನಾಲ್ಕು ಎಂಜಿನ್ ಬಿಚ್ಚಿ ಹೊಸ ಬೇರಿಂಗು ಹಾಕಿದ್ದೆ: ಶಿಕಾರಿಪುರದಲ್ಲಿ ಒಂದು, ತಾಳಗುಂದದಲ್ಲಿ ಒಂದು, ತೊಗರ್ಸಿಯದು, ಸೊರಬದ ಕಡೆ ಕುಪ್ಪಗಡ್ಡೆಯದು. ಬೇರಿಂಗಿಗೆ ನೀಲಿ ಬಣ್ಣ ಹಚ್ಚಿ, ತಿರುಗಿಸಿ, ಎಲ್ಲಿ ಉಜ್ಜುತ್ತದೆ ನೋಡಿ, ಅಲ್ಲಿ ಕೂದಲೆಳೆಯಷ್ಟು ಕೆರೆದು, ಮತ್ತೆ ಹಚ್ಚಿ, ಮತ್ತೆ ಕೆರೆದು ಕೂರಿಸಬೇಕು. ಒಂದೊಂದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವನಿಲ್ಲ ಎಂಬ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ತೊಗರ್ಸಿಗೆ ಹೋಗಿ ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದಾಗಲೇ ಸುಟ್ಟ ಎಣ್ಣೆಯ ನಾತ ಮುಖಕ್ಕೆ ಹೊಡೆಯಿತು. ಬೇರಿಂಗಿನ ಬಿಳಿ ಲೋಹ ಕರಗಿ ಕೆಳಗೆ ಮಣಿಮಣಿಯಾಗಿ ಬಿದ್ದಿತ್ತು. ಎಣ್ಣೆ ಸಿಕ್ಕದೆ ಸುಟ್ಟದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಕೆಳಗಿನ ತೊಟ್ಟಿಯಲ್ಲಿ ಎಣ್ಣೆ ಇತ್ತು.

ಎಂಜಿನ್ ಡ್ರೈವರ್ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಮಿಲ್ಲು ಶುರುವಾದ ದಿನದಿಂದ ಹ್ಯಾಂಡಲ್ ತಿರುಗಿಸಿದ ಕೈ ಅವರದು. ಎಣ್ಣೆ ಅಳೆಯಲು ಕಂಪನಿ ಕೊಟ್ಟ ಕಬ್ಬಿಣದ ಕಡ್ಡಿ ನಮ್ಮ ಕಡೆಯ ಯಾವ ಮಿಲ್ಲಿನಲ್ಲೂ ಉಳಿದಿರಲಿಲ್ಲ. ಎಲ್ಲೋ ಬಿದ್ದುಹೋಗಿ, ಇಲ್ಲವೆ ಸೊಟ್ಟಗಾಗಿ, ಪ್ರತಿಯೊಬ್ಬ ಡ್ರೈವರೂ ಅದೇ ಅಳತೆಯ ಬಿದಿರು ಕಡ್ಡಿಗೆ ಗೀಟು ಕೊರೆದು ಇಟ್ಟುಕೊಂಡಿದ್ದರು. ಅವರು ತಮ್ಮ ಕಡ್ಡಿ ಅದ್ದಿ ತೋರಿಸಿದರು. ಎಣ್ಣೆ ಗೀಟಿಗಿಂತ ಸ್ವಲ್ಪವೇ ಕೆಳಗಿತ್ತು.

"ಬೆಳಿಗ್ಗೆ ಗೀಟಿನ್ ಮಟ ಹಾಕೇ ಚಾಲೂ ಮಾಡೀನ್ರಿ ಮೇಸ್ತ್ರೀ. ದಿನಾ ಹಂಗೇ ಮಾಡೋದು."

"ಹಾಗಾದರೆ ಸುಟ್ಟಿದ್ದು ಹೇಗೆ?" ಎಂದೆ.

"ಅದ್ನ ನೀವ್ ಹೇಳ್ಬೇಕ್ರಿ."

ನನಗೆ ಅದು ಎದುರುಮಾತಾಗಿ ಕೇಳಿಸಿತು. ನಾನು ಕೂರಿಸಿದ ಬೇರಿಂಗು ಸುಡುವುದಿಲ್ಲ. ಹಾಗಿದ್ದ ಮೇಲೆ ಈ ಮನುಷ್ಯ ಎಣ್ಣೆ ಇಲ್ಲದೆ ಓಡಿಸಿ, ಜಾಮ್ ಆದ ಮೇಲೆ ಎಣ್ಣೆ ಸುರಿದು ನನಗೆ ಕಡ್ಡಿ ತೋರಿಸುತ್ತಿದ್ದಾನೆ. ಲೆಕ್ಕ ಮುಗಿಯಿತು ಎಂದುಕೊಂಡೆ. ಏಜೆನ್ಸಿಯ ರಿಪೋರ್ಟು ಫಾರಂ ತೆಗೆದು, 'ಕಾರಣ' ಎಂಬ ಕಡೆ, ಡ್ರೈವರ್ ಎಣ್ಣೆ ಹಾಕದೆ ಎಂಜಿನ್ ಓಡಿಸಿದ್ದು ಎಂದು ಬರೆದೆ. ಅವರ ಹೆಸರು ಕೇಳಿದೆ, ತಂದೆಯ ಹೆಸರು ಕೇಳಿದೆ, ಎರಡನ್ನೂ ಬರೆದೆ. ಪಾಪ, ಯಾಕೆ ಕೇಳುತ್ತಿದ್ದೇನೆಂದು ತಿಳಿಯದೆ ಅವರು ಎರಡನ್ನೂ ನಿಧಾನವಾಗಿ, ಬಿಡಿಸಿ ಹೇಳಿದರು.

ಸಾವ್ಕಾರರು ಅದನ್ನು ಓದಿದರು. ಬತ್ತದ ಚೀಲ ಹೊತ್ತು ತಂದಿದ್ದ ಜನ ಅಂಗಳದಲ್ಲಿ ನಿಂತಿದ್ದರು. ಅವರೆಲ್ಲರ ಎದುರಿಗೆ ಸಾವ್ಕಾರರು, "ಎಣ್ಣಿ ತಂದ್ ಕೊಟ್ರೆ ಎಂಜಿನ್ನಿಗೆ ಹಾಕ್ದೆ ಎಲ್ಲಿಗ್ ಸಾಗಿಸ್ತಿದ್ಯೋ? ಮಾರ್ಕೊಂಡೇನೋ ಕಳ್ಳ?" ಎಂದು ಕೂಗಿದರು. ನಾನು ಕಳ್ಳ ಎಂದು ಬರೆದಿರಲಿಲ್ಲ. ಆದರೆ ಅಲ್ಲ ಎಂದು ಬಾಯಿ ಬಿಡಲೂ ಇಲ್ಲ. ಡ್ರೈವರು ಹೆಗಲ ಮೇಲಿನ ಟವಲ್ಲಿನಿಂದ ಕೈ ಒರೆಸಿಕೊಂಡು, ಕಡ್ಡಿಯನ್ನು ಅದರ ಜಾಗದಲ್ಲಿಟ್ಟು ಹೊರಟುಹೋದರು.

ಆಮೇಲೆ ಗೊತ್ತಾಯಿತು, ಊರಲ್ಲಿ ಅವರಿಗೆ 'ಎಣ್ಣೆ ಕಳ್ಳ' ಎಂದೇ ಹೆಸರು ಬಿತ್ತಂತೆ. ಎಂಜಿನ್ ಸುಟ್ಟವನನ್ನು, ಮೇಲಾಗಿ ಕಳ್ಳನನ್ನು, ಸುತ್ತಿನ ಯಾವ ಮಿಲ್ಲಿನವರು ಒಳಗೆ ಬಿಟ್ಟುಕೊಳ್ಳುತ್ತಾರೆ?

ನಾನು ಹೊಸ ಬೇರಿಂಗಿನ ಇನ್ನೊಂದು ಪೆಟ್ಟಿಗೆ ಒಡೆದು, ಎರಡು ದಿನ ಕೆರೆದು, ಕೂರಿಸಿ, ಎಂಜಿನ್ ಚಾಲೂ ಮಾಡಿಕೊಟ್ಟೆ. ಡ್ರೈವರ್ ಜಾಗಕ್ಕೆ ಸಾವ್ಕಾರರ ಹೆಂಡತಿಯ ತಮ್ಮ ಬಂದ. ಎಂಟೇ ದಿನ. ಅದೇ ಆಳು ಅದೇ ಹೋಟೆಲಿನ ಬಾಗಿಲಿಗೆ ಬಂದು ನಿಂತ.

ಈ ಸಲ ಕಳ್ಳ ಎನ್ನುವಂತಿರಲಿಲ್ಲ, ಹೆಂಡತಿಯ ತಮ್ಮನಲ್ಲವೇ! ಸಾವ್ಕಾರರ ಸಿಟ್ಟು ಪೂರ್ತಿ ನನ್ನ ಕಡೆ ತಿರುಗಿತು. "ಏನ್ರೀ ಮೇಸ್ತ್ರೀ, ಸುಗ್ಗಿ ಹೊತ್ನಾಗೆ ಎರಡನೇ ಸಲ. ಕುಣಿಯಾಕೆ ಬರ್ದವ್ಳು ನೆಲ ಡೊಂಕು ಅಂದ್ಲಂತೆ. ನಿಮಗ್ ಕೆಲ್ಸ ಬರ್ತೈತೋ ಇಲ್ವೋ ಅಷ್ಟ್ ಹೇಳಿ." ಜನ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

ಮುಚ್ಚಳ ಬಿಚ್ಚಿದೆ. ಅದೇ ನಾತ, ಅದೇ ಮಣಿಗಳು. ತೊಟ್ಟಿಯಲ್ಲಿ ಎಣ್ಣೆ, ಗೀಟಿಗಿಂತ ಸ್ವಲ್ಪವೇ ಕೆಳಗೆ. ಮೊದಲ ಸಲ ಕಂಡದ್ದೆಲ್ಲ ಮತ್ತೆ ಕಂಡಿತು. ದೀಪಾವಳಿಗೆ ಬಿಚ್ಚಿದ್ದ ಹಳೇ ಬೇರಿಂಗು ಮಿಲ್ಲಿನ ಮೂಲೆಯ ಗುಜರಿಯಲ್ಲಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸದರ ಪಕ್ಕದಲ್ಲಿ ಚಪ್ಪಡಿ ಕಲ್ಲಿನ ಮೇಲಿಟ್ಟು ನೋಡಿದೆ.

ಬೇರಿಂಗಿನ ಕೆಳಗಿನ ಅರ್ಧಕ್ಕೆ ಒಂದು ಪುಟ್ಟ ನಾಲಿಗೆ ಇರುತ್ತದೆ. ನಾವು ಅದಕ್ಕೆ ಚಮಚ ಎನ್ನುತ್ತಿದ್ದೆವು. ಎಂಜಿನ್ ಒಂದೊಂದು ಸುತ್ತು ತಿರುಗಿದಾಗಲೂ ಆ ಚಮಚ ತೊಟ್ಟಿಯ ಎಣ್ಣೆಗೆ ಬಡಿದು ಮೇಲಕ್ಕೆ ಚಿಮ್ಮಿಸಬೇಕು. ಬೇರಿಂಗಿಗೆ ಎಣ್ಣೆ ಸಿಗುವುದು ಹಾಗೆ. ಬೇರೆ ದಾರಿಯೇ ಇಲ್ಲ. ಅಡಿಕೋಲು ಇಟ್ಟು ಅಳೆದೆ. ಹೊಸ ಚಮಚ ಹಳೆಯದಕ್ಕಿಂತ ಅರ್ಧ ಇಂಚು ಗಿಡ್ಡ.

ಬೆಳಿಗ್ಗೆ ಗೀಟಿನವರೆಗೆ ಎಣ್ಣೆ ಇದ್ದಾಗ ಅದು ಹೇಗೋ ತಾಗುತ್ತದೆ. ಸುಗ್ಗಿಯಲ್ಲಿ ದಿನವಿಡೀ ಓಡಿ ಎಣ್ಣೆ ಸ್ವಲ್ಪ ಇಳಿಯಿತೋ, ಚಮಚ ಗಾಳಿಯಲ್ಲಿ ತಿರುಗುತ್ತದೆ. ಕೆಳಗೆ ಎಣ್ಣೆ ಇದ್ದೂ ಮೇಲೆ ಬೇರಿಂಗು ಒಣಗಿ ಸಾಯುತ್ತದೆ.

"ಸಾವ್ಕಾರ್ರೇ, ಬೇರಿಂಗಿನ ಪೆಟ್ಟಿಗೆಯಲ್ಲಿ ಒಂದು ಹೊಸ ಕಡ್ಡಿ ಬಂದಿತ್ತಲ್ಲ, ಎಲ್ಲಿ?"

"ಅದಾ? ಹೊಸದ್ಯಾಕ್ ಹಾಳ್ ಮಾಡ್ಬೇಕಂತ ಟ್ರಂಕಿನಾಗ್ ಇಟ್ಟೀನ್ರಿ. ಹಳೇದು ಐತಲ್ಲ."

ನಾಲ್ಕೂ ಮಿಲ್ಲಿನಲ್ಲಿ ಅದೇ ಕಥೆ. ಪೆಟ್ಟಿಗೆಯಲ್ಲಿ ಬಂದ ಕಡ್ಡಿಯನ್ನು ಬಿಡಿ ಸಾಮಾನೆಂದು ತಿಳಿದು ನಾನೇ ಸಾವ್ಕಾರರ ಕೈಗೆ ಕೊಟ್ಟಿದ್ದೆ. ಹೊಸದು ಸವೆಯಬಾರದೆಂದು ಅವರು ಬಟ್ಟೆ ಸುತ್ತಿ ಎತ್ತಿಟ್ಟಿದ್ದರು. ನಮ್ಮ ಜನ ಹೊಸ ಕೊಡೆ ಇಟ್ಟುಕೊಂಡು ಹಳೇ ಕೊಡೆಯಲ್ಲಿ ನೆನೆಯುವವರು. ಟ್ರಂಕಿನಿಂದ ಬಂದ ಕಡ್ಡಿಯನ್ನು ಬಿದಿರು ಕಡ್ಡಿಯ ಪಕ್ಕಕ್ಕೆ ಹಿಡಿದೆ. ಹೊಸ ಕಡ್ಡಿಯ ಗೀಟು ಅರ್ಧ ಇಂಚು ಮೇಲಿತ್ತು.

ಚಮಚ ಗಿಡ್ಡ ಮಾಡಿದ್ದಾರೆ, ಎಣ್ಣೆಯ ಮಟ್ಟ ಏರಿಸಿದ್ದಾರೆ, ಅಳತೆಗೆ ಹೊಸ ಕಡ್ಡಿ ಇಟ್ಟಿದ್ದಾರೆ. ಹೀಗೆ ಮಾಡಿದ್ದೇವೆ ಎಂದು ಒಂದು ಸಾಲಿನ ಚೀಟಿ ಇಟ್ಟಿಲ್ಲ. ಪೆಟ್ಟಿಗೆಯ ಮೇಲಿನ ನಂಬರೂ ಹಳೆಯದೇ! ಥೂ ಇವರ ಜನ್ಮಕ್ಕಿಷ್ಟು ಎಂದು ಜೋರಾಗಿಯೇ ಬೈದೆ. ಬೈಯುವಾಗಲೇ, ಎರಡೂ ಹೆಸರನ್ನು ಬಿಡಿಸಿ ಹೇಳಿದ ಆ ಮನುಷ್ಯನ ಮುಖ ಎದುರಿಗೆ ಬಂತು. ಬಾಯಿ ಮುಚ್ಚಿಕೊಂಡೆ.

ಮರುದಿನ ಎರಡು ಬೇರಿಂಗನ್ನೂ ಗೋಣಿಯಲ್ಲಿ ಸುತ್ತಿಕೊಂಡು ದಾವಣಗೆರೆಗೆ ಹೋದೆ. ಏಜೆನ್ಸಿ ಮ್ಯಾನೇಜರ ಮೇಜಿನ ಮೇಲೆ ಒಂದರ ಪಕ್ಕ ಒಂದನ್ನಿಟ್ಟು ಅಡಿಕೋಲು ಹಿಡಿದು ತೋರಿಸಿದೆ. ಆತ ಗಾಬರಿಯಾಗುತ್ತಾನೆಂದು ನನ್ನ ಲೆಕ್ಕ. ಗಾಬರಿ ಎಲ್ಲಿಂದ ಬರಬೇಕು!

"ಗೊತ್ತಲ್ಲಪ್ಪ. ಹಳೇ ಚಮಚ ಮುರಿದು ಬೀಳ್ತಾ ಇತ್ತು ಅಂತ ಕಂಪನಿಯವ್ರೇ ಬದಲಾಯಿಸಿದ್ದು. ಕಾಗದ ಬಂದಿದೆ." ಫೈಲು ತೆಗೆದು ತೋರಿಸಿದ. ಇಂಗ್ಲಿಷಿನಲ್ಲಿ ಒಂದೇ ಸಾಲು ಟೈಪಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ, 'ಉತ್ತಮ ಸೇವೆಗಾಗಿ ಬೇರಿಂಗನ್ನು ಸುಧಾರಿಸಲಾಗಿದೆ.' ಅಷ್ಟೇ. ಎರಡು ತಿಂಗಳ ಹಿಂದಿನ ಕಾಗದ.

"ಏನು ಸುಧಾರಿಸಿದೆ ಅಂತ ಎಲ್ಲಿದೆ ಸಾರ್?"

"ಸುಧಾರಿಸಿದೆ ಅಂತ ಬರೆದಿದ್ದಾರಲ್ಲಯ್ಯ."

"ಚಮಚ ಗಿಡ್ಡ ಅಂತ ಬರೆದಿದ್ದಾರಾ? ಹಳೇ ಎಂಜಿನ್ನಿಗೆ ಹಾಕಿದರೆ ಎಣ್ಣೆ ಜಾಸ್ತಿ ಬೇಕು ಅಂತ ಬರೆದಿದ್ದಾರಾ? ಹಳೇ ಕಡ್ಡಿ ಬಿಸಾಕಿ ಅಂತ ಬರೆದಿದ್ದಾರಾ? ಈ ಒಂದು ಸಾಲನ್ನಾದರೂ ನೀವು ನನಗೆ ತೋರಿಸಿದಿರಾ?"

ನನ್ನ ದನಿ ಏರಿತ್ತು. ಹೊರಗಿನ ಗುಮಾಸ್ತರು ಟೈಪು ಮಾಡುವುದನ್ನು ನಿಲ್ಲಿಸಿದರು. ನಾಲ್ಕಾಣೆ ಇಪ್ಪತ್ತೈದು ನಯಾಪೈಸೆ ಆದಾಗ ಸರ್ಕಾರ ಪೋಸ್ಟಾಫೀಸು, ಶಾಲೆ, ಸಂತೆಕಟ್ಟೆ ಅನ್ನದೆ ಗೋಡೆಗೋಡೆಗೆ ಪಟ್ಟಿ ಅಂಟಿಸಿತ್ತು. ಸೊಪ್ಪು ಮಾರುವ ಅಜ್ಜಿಗೂ ಅದು ಬಾಯಿಪಾಠವಾಗಿತ್ತು. ಈ ದೊಡ್ಡಮನುಷ್ಯರಿಗೆ ಒಂದು ಚೀಟಿ ಬರೆಯಲು ಕೈ ಬರಲಿಲ್ಲ. ಸುಧಾರಣೆ ಕೆಟ್ಟದ್ದೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಹಳೇ ಚಮಚ ಮುರಿಯುತ್ತಿದ್ದದ್ದು ನಿಜ. ಹೇಳದೆ ಸುಧಾರಿಸಿದ್ದು ಮೋಸ. ಹೇಳಿದ ಹಾಗೆ ನಟಿಸಿ ಏನೂ ಹೇಳದಿರುವುದು ಇನ್ನೂ ದೊಡ್ಡ ಮೋಸ.

ಮ್ಯಾನೇಜರ್ ಬಾಗಿಲು ಹಾಕಿಸಿ ದನಿ ತಗ್ಗಿಸಿದ. "ನೋಡು, ಈಗ ನಾವೇ ಕಾಗದ ಬರೆದು ಹಂಚಿದರೆ, ಸುಟ್ಟ ಎಂಜಿನ್ನೆಲ್ಲ ನಮ್ಮ ಕುತ್ತಿಗೆಗೆ ಬರುತ್ತೆ. ಹೊಸ ಬೇರಿಂಗು ಕೊಡ್ತೀನಿ, ಹೋಗಿ ಹಾಕು. ಮೊದಲನೇ ಸಲ ನೀನೇ ಚೆನ್ನಾಗಿ ಬರೆದಿದ್ದೀಯಲ್ಲ, ಡ್ರೈವರ್ ತಪ್ಪು ಅಂತ. ಎರಡನೇದಕ್ಕೂ ಹಾಗೇ ಬರಿ. ಸಹಿ ಹಾಕು." ಪೆಟ್ಟಿಗೆಯನ್ನೂ ಫಾರಂ ಅನ್ನೂ ನನ್ನ ಮುಂದೆ ತಳ್ಳಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊದಲ ಬರೆ ಎಳೆದವನು ನಾನೇ ಎಂಬುದನ್ನು ಆತ ಹೊಗಳಿಕೆಯಂತೆ ಹೇಳಿದ್ದು ನನಗೆ ಸಹಿಸಲಾಗಲಿಲ್ಲ. ಪೆಟ್ಟಿಗೆ ಸಾವ್ಕಾರರ ಎಂಜಿನ್ನಿಗೆ ಸಲ್ಲಬೇಕಾದದ್ದು, ಅದನ್ನು ಎತ್ತಿಕೊಂಡೆ. ಫಾರಂ ಮುಟ್ಟಲಿಲ್ಲ. "ಸಹಿ ಹಾಕದಿದ್ರೆ ಕಂಪನಿ ಸಾಮಾನಿನ ಚೀಲ ಇಲ್ಲೇ ಇಟ್ಟು ಹೋಗು" ಎಂದ. ಇಟ್ಟೆ. ನನ್ನ ಸ್ವಂತದ, ನಟ್ಟು ತಿರುಗಿಸುವ ಎರಡು ಪಾನಾ, ಕೆರೆಯುವ ಉಳಿ, ಅಡಿಕೋಲು ತೆಗೆದುಕೊಂಡು ಹೊರಬಿದ್ದೆ. ಆ ಕೆಲಸ ಅಲ್ಲಿಗೆ ಮುಗಿಯಿತು.

ತೊಗರ್ಸಿಯ ಎಂಜಿನ್ ಹೇಗೂ ನಿಂತಿತ್ತು. ಓಡುತ್ತಿದ್ದ ಮೂರು ಸುಡುವ ಮೊದಲು ಅಲ್ಲಿಗೆ ಹೋಗಬೇಕಿತ್ತು. ಶಿಕಾರಿಪುರದಲ್ಲಿ ಎಂಜಿನ್ ನಿಲ್ಲಿಸಿ, ಬಿದಿರು ಕಡ್ಡಿಗೆ ಅರ್ಧ ಇಂಚು ಮೇಲೆ ಹೊಸ ಗೀಟು ಕೊರೆದು, ಹಳೇ ಗೀಟನ್ನು ಚಾಕುವಿನಿಂದ ಕೆರೆದು ಹಾಕಿದೆ. ತಾಳಗುಂದದಲ್ಲೂ ಹಾಗೇ ಮಾಡಿದೆ. ಎರಡು ಕಡೆಯೂ ಬಾಯಲ್ಲಿ ಹೇಳಿದೆ, ಹೂಂ ಅಂದರು. ಕಡೆಗೆ ಸೊರಬಕ್ಕೆ ಬಸ್ಸು ಹಿಡಿದು, ಅಲ್ಲಿಂದ ಸೈಕಲ್ಲು ತುಳಿದು ಕುಪ್ಪಗಡ್ಡೆಗೆ ಹೋದೆ.

ಕುಪ್ಪಗಡ್ಡೆಯ ಮಿಲ್ಲನ್ನು ನಡೆಸುತ್ತಿದ್ದವರು ಒಬ್ಬ ಹೆಂಗಸು. ಗಂಡ ಹಾಸಿಗೆ ಹಿಡಿದ ಮೇಲೆ ಬತ್ತ ಅಳೆಯುವುದರಿಂದ ಬೆಲ್ಟಿಗೆ ರಾಳ ಹಚ್ಚುವವರೆಗೆ ಎಲ್ಲ ಅವರೇ. ನಾನು ಹೇಳಿದ್ದನ್ನೆಲ್ಲ ಕೇಳಿ, "ಹೌದಾ? ಬರ್ದ್ ಕೊಡಿ" ಎಂದರು.

"ಗೀಟು ಕೊರೆದಿದ್ದೀನಲ್ಲಮ್ಮ."

"ಅಲ್ಲ ಮಾರಾಯ್ರೆ, ನಾಳೆ ಈ ಡ್ರೈವರ್ ಬಿಟ್ ಹೋದ, ಕಡ್ಡಿ ಮುರೀತು, ಬರೋನು ಹಳೇ ಅಳತೇಲೇ ಇನ್ನೊಂದು ಮಾಡ್ದ. ಆಗ ಎಂತ ಮಾಡೂದು? ನಿಮ್ಮನ್ನ ಎಲ್ಲಿ ಅಂತ ಹುಡುಕೂದು?"

ಅವರ ಮಾತು ಸರಿ. ಕೂತು ಒಂದು ಪುಟ ಬರೆದೆ. ಚಮಚದ ಉದ್ದ, ಬೇರಿಂಗಿನ ನಂಬರು, ಸುತ್ತಿನ ವೇಗ, ಕಂಪನಿಯ ಅನ್ಯಾಯ, ಮ್ಯಾನೇಜರನ ಯೋಗ್ಯತೆ, ಒಂದನ್ನೂ ಬಿಡಲಿಲ್ಲ. ಅವರು ಕನ್ನಡಕ ಏರಿಸಿ ಓದಿ ವಾಪಸು ಕೊಟ್ಟರು.

"ನಿಮ್ ಸಿಟ್ಟು ನಿಮ್ ಹತ್ರ ಇಟ್ಕಳಿ. ನಂಗೆ ಬೇಕಾದ್ದು ಏನು ಬದ್ಲಾಗಿದೆ, ನಾವ್ ಏನ್ ಮಾಡ್ಬೇಕು, ಮಾಡ್ದಿದ್ರೆ ಎಂತಾಗ್ತದೆ ಅಂತ. ಹೊಸ ಡ್ರೈವರ್ ಎಂಜಿನ್ ಮುಂದೆ ನಿಂತ್ಕಂಡು ಓದ್ಬೇಕು. ಈ ಪುರಾಣ ಯಾರ್ ಓದ್ತಾರೆ?"

ಮೊದಲು ಕೋಪ ಬಂತು, ಆಮೇಲೆ ನಾಚಿಕೆಯಾಯಿತು. ಕಂಪನಿಯವರು ಏನೂ ಹೇಳಲಿಲ್ಲ. ನಾನು ಎಲ್ಲವನ್ನೂ ಹೇಳಲು ಹೋಗಿ ಹೇಳಬೇಕಾದ್ದನ್ನು ಮುಚ್ಚಿಹಾಕಿದ್ದೆ. ಮೂರು ಸಲ ಹರಿದು ನಾಲ್ಕನೇ ಸಲ ಬರೆದದ್ದು ಇಷ್ಟು:

'ಈ ಎಂಜಿನ್ನಿಗೆ ಹೊಸ ಬಗೆಯ ಬೇರಿಂಗು ಹಾಕಿದೆ. ಇದರ ಚಮಚ ಅರ್ಧ ಇಂಚು ಗಿಡ್ಡ. ಎಣ್ಣೆ ಹಳೇ ಗೀಟಿನವರೆಗೆ ಇದ್ದರೆ ಸಾಲದು, ಅದಕ್ಕಿಂತ ಅರ್ಧ ಇಂಚು ಮೇಲಿರಬೇಕು. ಹಳೇ ಅಳತೆಯ ಕಡ್ಡಿ ಬಳಸಬೇಡಿ. ಬೆಳಿಗ್ಗೆ ನೋಡಿ; ಮಧ್ಯಾಹ್ನ ಎಂಜಿನ್ ನಿಲ್ಲಿಸಿ ಮತ್ತೆ ನೋಡಿ. ಕಡಿಮೆಯಿದ್ದರೆ ತೊಟ್ಟಿಯಲ್ಲಿ ಎಣ್ಣೆ ಇದ್ದರೂ ಬೇರಿಂಗು ಸುಡುತ್ತದೆ.'

"ಹಾಂ, ಇದು ಗೊತ್ತಾಗ್ತದೆ" ಎಂದು ಅವರು ಅದನ್ನು ರಟ್ಟಿಗೆ ಅಂಟಿಸಿ ಎಂಜಿನ್ನಿನ ಎದುರಿನ ಗೋಡೆಗೆ ಹೊಡೆಸಿದರು. ಅಲ್ಲೇ ಕೂತು ಇನ್ನೂ ಮೂರು ಪ್ರತಿ ಬರೆದೆ. ಬರುವ ದಾರಿಯಲ್ಲಿ ತಾಳಗುಂದಕ್ಕೆ ಒಂದು ಕೊಟ್ಟೆ, ಶಿಕಾರಿಪುರದ್ದನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದೆ.

ತೊಗರ್ಸಿಯಲ್ಲಿ ಎರಡು ದಿನ ಕೂತು ಮೂರನೇ ಬೇರಿಂಗು ಕೂರಿಸಿದೆ. ಸಾವ್ಕಾರರಿಗೆ ಹಳೆಯದು, ಹೊಸದು ಎರಡನ್ನೂ ತೋರಿಸಿ ವಿವರಿಸಿದೆ. ಅವರು, "ಹಂಗಾರೆ ಅವ್ನ್ ಬೇಕಾರೆ ಬರ್ಲಿ, ಕೆಲ್ಸ ಮಾಡ್ಕೊಂಡಿರ್ಲಿ" ಎಂದರು. ಬೇಕಾದರೆ ಬರಲಿ! ಭಿಕ್ಷೆ ಹಾಕಿದ ಹಾಗೆ.

ಡ್ರೈವರು ಊರಾಚೆಯ ಗದ್ದೆಯೊಂದರಲ್ಲಿ ಕೂಲಿಗೆ ಬತ್ತ ಕೊಯ್ಯುತ್ತಿದ್ದರು. ನನ್ನನ್ನು ಕಂಡು ನೆಟ್ಟಗಾಗಿ ನಿಂತರೇ ಹೊರತು ಹತ್ತಿರ ಬರಲಿಲ್ಲ. ಬದುವಿನ ಮೇಲೆ ನಿಂತೇ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಕೊನೆಯ ಪ್ರತಿಯನ್ನು ಕೈಗೆ ಕೊಡಹೋದೆ.

"ನಂಗ್ ಓದಾಕ್ ಬರಲ್ರಿ. ನೀವೇ ಓದ್ರಿ."

ಓದಿದೆ. ಕುಡುಗೋಲು ಕಂಕುಳಲ್ಲಿಟ್ಟುಕೊಂಡು ಪೂರ್ತಿ ಕೇಳಿದರು.

"ಇದ್ರಾಗ್ ನನ್ ಹೆಸ್ರು ಎಲ್ಲೈತ್ರಿ?"

"ಇಲ್ಲ. ಇದು ಎಂಜಿನ್ನಿನ ವಿಷಯ..."

"ಅವತ್ತು ಬರದ್ದೂ ಎಂಜಿನ್ ವಿಷ್ಯಾನೇ ಅಲ್ಲೇನ್ರಿ? ಅದ್ರಾಗ್ ನನ್ ಹೆಸ್ರು ಬರದ್ರಿ, ನಮ್ಮಪ್ಪಂದೂ ಬರದ್ರಿ. ನಮ್ಮಪ್ಪ ಎಂಜಿನ್ ಕಣ್ಣಿಂದ್ ಕಂಡೋನಲ್ಲ." ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಕಳ್ಳ ಅಂದದ್ದು ಊರ್ ಮುಂದ್ರಿ. ಅಲ್ಲ ಅಂತ ನೀವ್ ಗದ್ದ್ಯಾಗ್ ಬಂದ್ ನನ್ ಕಿವ್ಯಾಗ್ ಹೇಳಿದ್ರೆ ಏನ್ ಬಂತು?"

ಬದುವಿನ ಮೇಲೇ ಕೂತು ಪೆನ್ನು ತೆಗೆದು ಆ ಕಾಗದದ ಕೆಳಗೆ ಬರೆದೆ. ಈ ಬೇರಿಂಗನ್ನು ಪರೀಕ್ಷಿಸದೆ ಹಾಕಿದವನು ನಾನು, ಎಂದು ನನ್ನ ಹೆಸರು, ನನ್ನ ತಂದೆಯ ಹೆಸರು. ಇಲ್ಲಿಯ ಡ್ರೈವರು ಎಣ್ಣೆಯನ್ನು ಸರಿಯಾಗಿಯೇ ಹಾಕಿದ್ದರು; ಅವರ ಮೇಲೆ ನಾನು ಬರೆದ ರಿಪೋರ್ಟು ಸುಳ್ಳು, ಎಂದು ಅವರ ಹೆಸರು, ಅವರ ತಂದೆಯ ಹೆಸರು. ದಾವಣಗೆರೆಗೂ ಇದೇ ಮಾತು ಬರೆಯುತ್ತೇನೆಂದೆ. ಅವರು ಕುಡುಗೋಲನ್ನು ಪಕ್ಕದವರ ಕೈಗೆ ಕೊಟ್ಟು ನನ್ನ ಹಿಂದೆ ಬಂದರು.

ಮಿಲ್ಲಿನ ಅಂಗಳದಲ್ಲಿ ಅವತ್ತು ಬಹಳ ಜನ. ಎಂಜಿನ್ ನಿಂತಿದ್ದ ದಿನಗಳ ಬತ್ತವೆಲ್ಲ ಬಂದು ಬಿದ್ದಿತ್ತು. ಎಂಜಿನ್ ನಿಲ್ಲಿಸಿ ಎಂದೆ. ಸಾವ್ಕಾರರ ಬಾಮೈದ ನಿಲ್ಲಿಸಿದ. ಬೆಲ್ಟು ಸುಮ್ಮನಾದ ಮೇಲೆ ಚೀಲಗಳ ನಡುವೆ ನಿಂತು, ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಹೆಸರಿನವರೆಗೆ ಓದಿದೆ. ಯಾರೂ ನಗಲಿಲ್ಲ.

ಡ್ರೈವರು ಬಾಗಿಲ ಹೊರಗೇ ನಿಂತಿದ್ದರು. ಒಳಗೆ ಕಾಲಿಟ್ಟಿರಲಿಲ್ಲ.

"ಇನ್ನೊಂದ್ ಸಲ ಓದ್ರಿ ಮೇಸ್ತ್ರೀ" ಎಂದರು. "ಸಾವ್ಕಾರ್ರು ಒಳಗಿದ್ರು, ಈಗ ಹೊರಗ್ ಬಂದಾರೆ."

ಓದಿದೆ. ಈ ಸಲ ಅವರ ಹೆಸರಿನಿಂದ ಶುರು ಮಾಡಿದೆ.